ಏಳನೇ ಪೈಪಿನ ಕುಳ್ಳಿ

ಮಳೆ ಕೈಕೊಟ್ಟರೆ ಯಾವ ಹತ್ತಿ ಗಿಡ ನಿಲ್ಲುತ್ತದೆ, ಯಾವುದು ಮಲಗುತ್ತದೆ? ಪ್ರಶ್ನೆ ಹುಟ್ಟಿದ್ದು ನವಲಗುಂದದ ಹೊಲದಲ್ಲಿ. ಉತ್ತರ ಹುಡುಕಿದ್ದು ಮಾತ್ರ ದೂರದ ಕಾಮೋಠೆ ಶಹರದ ಬಿಲ್ಡಿಂಗೊಂದರ ಟೆರೇಸಿನಲ್ಲಿ!

ಸುಶೀಲಾಬಾಯಿಯ ಅಣ್ಣ ಶಿವರಾಯರು ಊರಲ್ಲಿ ಜವಾರಿ ಹತ್ತಿ ಬೆಳೆಯುತ್ತಾರೆ. ಎಂಟು ಬೇರೆ ಬೇರೆ ಗಿಡಗಳ ಬೀಜ ಎಂಟು ಪೊಟ್ಟಣ ಕಟ್ಟಿ ಕಾಮೋಠೆಯಲ್ಲಿರುವ ತಂಗಿಗೆ ಕಳಿಸಿದರು. "ನಿನ್ನ ಸೊಸಿ ಹತ್ತಿ ತಳಿ ಬಗ್ಗೆ ಓದ್ಯಾಳಲ್ಲ. ಮಳಿ ತಡದ್ರೂ ತಡಕೊಳ್ಳೋದು ಯಾವುದು, ಕೇಳಿ ಹೇಳವಾ. ಅದನ್ನಽ ಬಿತ್ತತೀನಿ."

ಸೊಸೆ ಮುಕ್ತಾ ಪ್ಲಂಬರನಿಂದ ಎದೆಯುದ್ದದ ಎಂಟು ಪೈಪ್ ತಂದಳು. ಉದ್ದಕ್ಕೆ ಸೀಳಿ, ಮತ್ತೆ ಜೋಡಿಸಿ ತಂತಿ ಬಿಗಿದು, ಮಣ್ಣು ತುಂಬಿ ಬೀಜ ಊರಿದಳು.

"ಪಾಟ್ ಸಿಗಲಿಲ್ಲೇನವಾ ನಿನಗ?" ಸುಶೀಲಾಬಾಯಿ ಮೂಗು ಮುರಿದರು.

"ಪಾಟಿನ್ಯಾಗ ಬೇರು ಅಲ್ಲೇ ಸುತ್ತು ಹೊಡೀತಾವು ಅತ್ತಿ. ಎಷ್ಟು ಆಳಕ್ಕ ಇಳೀತಾವು ಅಂತ ನೋಡ್ಬೇಕು."

ಮೂರನೇ ಪೈಪಿನ ಗಿಡ ಎತ್ತರ, ಅಗಲ ಎಲೆ, ಮೈತುಂಬ ಮೊಗ್ಗು. ಸುಶೀಲಾಬಾಯಿ ಅದಕ್ಕೆ 'ರಾಣಿ' ಎಂದೇ ಹೆಸರಿಟ್ಟರು. ಏಳನೆಯದು ಕುಳ್ಳಿ. ಸಣ್ಣ ದಪ್ಪ ಎಲೆ, ಮೇಲೆಲ್ಲ ನವಿರು ರೋಮ. ಅದರ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಕಾಯಿ ಕಟ್ಟುವ ಹೊತ್ತಿಗೆ ಮುಕ್ತಾ ಎಲ್ಲ ಗಿಡಕ್ಕೂ ನೀರು ನಿಲ್ಲಿಸಿದಳು. ಹನ್ನೆರಡು ದಿನ!

ಹತ್ತನೆಯ ದಿನ ಮಧ್ಯಾಹ್ನ ರಾಣಿ ತಲೆ ಬಗ್ಗಿಸಿತ್ತು. ಸುಶೀಲಾಬಾಯಿ ತಂಬಿಗೆ ತರಲು ಕೆಳಗಿಳಿದರು. ಬಾಯಾರಿದ್ದನ್ನು ಕಂಡು ಸುಮ್ಮನಿರುವ ಜೀವವೇ ಅವರದು? ಎರಡು ತಂಬಿಗೆ ನೀರು ಸುರಿದರು. ಯಾರಿಗೂ ಹೇಳಲಿಲ್ಲ.

ಹನ್ನೆರಡನೆಯ ದಿನ ಮುಕ್ತಾ ಫೋನ್ ಕೈಗೆತ್ತಿಕೊಂಡಳು. "ಅರೇ ಅತ್ತಿ, ಮೂರನೇದು ಏಕದಂ ಫ್ರೆಶ್! ಇದನ್ನಽ ಬಿತ್ತ್ರಿ ಅಂತ ಮಾಮಾಗ ಹೇಳ್ತೀನಿ."

ಸುಶೀಲಾಬಾಯಿ ಅವಳ ಕೈ ಹಿಡಿದರು. ಇದನ್ನೇ ನಂಬಿ ಅಣ್ಣ ಬಿತ್ತಿದರೆ ಗತಿ?

"ತಡಿಯವಾ! ಅದಕ್ಕ ನಾನಽ ನೀರು ಹಾಕೀನಿ. ತಪ್ಪಾತು."

ಮುಕ್ತಾ ಫೋನ್ ಕೆಳಗಿಟ್ಟಳು. ಆಮೇಲೆ ನಕ್ಕುಬಿಟ್ಟಳು. "ಬಾಯಾರಿದ ಗಿಡಕ್ಕ ನೀರು ಹಾಕೋದು ಪುಣ್ಯ ಅತ್ತಿ. ಪರೀಕ್ಷಾಕ್ಕ ಕುಂತ ಗಿಡಕ್ಕ ಹಾಕಿದ್ರ ಕಾಪಿ ಹೊಡಿಸಿದಂಗ!"

ಎಲ್ಲಕ್ಕೂ ಒಂದೇ ಅಳತೆಯ ನೀರು ಕೊಟ್ಟು, ಚೇತರಿಸಿದ ಮೇಲೆ ಮತ್ತೆ ಹನ್ನೆರಡು ದಿನ. ಈ ಸಲ ಕಾವಲು ಸುಶೀಲಾಬಾಯಿಯದೇ. ನೋಡನೋಡುತ್ತ ಅವರಿಗೂ ಕುತೂಹಲ ಅಂಟಿಕೊಂಡಿತು. ರಾಣಿ ಸಂಜೆಯಾದರೂ ತಲೆ ಎತ್ತಲಿಲ್ಲ, ಎಳೆಗಾಯಿ ಉದುರಿಸಿತು. ಕುಳ್ಳಿ ಮಧ್ಯಾಹ್ನ ಎಲೆ ಮುದುಡಿದರೂ ಸಂಜೆಗೆ ಬಿಡಿಸುತ್ತಿತ್ತು. ಉಳಿದವು ಅಷ್ಟಿಷ್ಟು ಕಾಯಿ ಕಳೆದುಕೊಂಡರೂ ಅದು ಒಂದನ್ನೂ ಕೆಡವಲಿಲ್ಲ.

ಬೀಜ ತೆಗೆದ ಮೇಲೆ ಪೈಪ್ ಬಿಚ್ಚಿದರು. ರಾಣಿಯ ಬೇರು ಪೂರ್ತಿ ಮೇಲಿನ ಮಣ್ಣಿನಲ್ಲೇ ಹರಡಿತ್ತು. ಕುಳ್ಳಿಯದು ತಳ ಮುಟ್ಟಿತ್ತು.

"ಅಯ್ಯ ನನ್ನವ್ವ! ಮ್ಯಾಲ ನೋಡಿ ಮರುಳಾದೆ," ಎಂದರು ಸುಶೀಲಾಬಾಯಿ.

"ಇದು ಮೊದಲ್ನೇ ಜರಡಿ ಅಷ್ಟಽ. ಹೊಲದಾಗ ಎರಡು ಮೂರು ಹಂಗಾಮು ನೋಡಿದ ಮ್ಯಾಲೇ ಖಾತ್ರಿ," ಎಂದಳು ಮುಕ್ತಾ.

ಸುಶೀಲಾಬಾಯಿ ತಾವೇ ಫೋನ್ ಮಾಡಿದರು. "ಅಣ್ಣಾ, ಏಳನೇ ಪೈಪಿನ ಕುಳ್ಳಿ ಗಿಡದ ಬೀಜ ಕಳಸ್ತೀನಿ. ಮೊದಲ ಒಂದು ಸಾಲು ಹಾಕಿ ನೋಡು. ಬಾಡಿದ್ರ ಕರುಣಾ ಬಂದು ನೀ ನೀರು ಹಾಕಬ್ಯಾಡ ಮತ್ತ!"

ಓದುವ ಅಣ್ಣಂದಿರೇ, ಅಕ್ಕಂದಿರೇ, ಊರಲ್ಲಿ ನಿಮಗೂ ಹತ್ತಿ ಹೊಲ ಇದ್ದೀತು. ಮಳೆ ತಡವಾದಾಗ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಸಾಲಿನಲ್ಲಿ ನಡೆದು ನೋಡಿ. ಸಂಜೆಗೆ ಎಲೆ ಬಿಡಿಸಿಕೊಂಡ, ಕಾಯಿ ಹಿಡಿದುಕೊಂಡ ಗಿಡಕ್ಕೆ ಕೆಂಪು ದಾರ ಕಟ್ಟಿ. ಅದರ ಬೀಜ ಬೇರೆ ಇಟ್ಟು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ನಾಳಿನ ಒಳ್ಳೆಯ ತಳಿ ನಿಮ್ಮ ಹೊಲದಲ್ಲೇ ಕುಳ್ಳಿಯಾಗಿ ನಿಂತಿರಬಹುದು, ನೀವು ತಿರುಗಿ ನೋಡಬೇಕಷ್ಟೆ.