ಕೇಳಿ ತಂದ ಮಜ್ಜಿಗೆ

ಸೂರಮ್ಮ ತನ್ನ ಗಂಟನ್ನು ತಾನೇ ಕಟ್ಟಿಕೊಂಡು ಮಂಚದ ತುದಿಗೆ ಬಂದು ಕೂತಿದ್ದಳು. ಎರಡು ಸೀರೆ, ಒಂದು ದುಪ್ಪಟಿ, ಎಲೆಅಡಿಕೆ ಚೀಲ, ಅಷ್ಟೇ ಆಸ್ತಿ. ಬ್ಯಾಂಡೇಜು ಸುತ್ತಿದ ಬಲಗಾಲನ್ನು ಮುಂದಕ್ಕೆ ಚಾಚಿ, ಅದು ತನ್ನದೇ ಅಲ್ಲವೆಂಬಂತೆ ಕಿಟಕಿಯ ಕಡೆ ಮುಖ ಮಾಡಿದ್ದಳು.

"ಮೊಳಕಾಲ್ಮೂರು ಬಸ್ಸು ಎಷ್ಟೊತ್ತಿಗೈತೆ, ಕೇಳ್ಕಂಡು ಬಾ ಹೋಗು," ಎಂದಳು ಸೊಸೆಗೆ.

ಸೊಸೆ ಕಾಂಚನಾಳ ಕೈಯಲ್ಲಿ ಆಗತಾನೇ ಹಿಂಡಿದ ಸೀರೆಯಿತ್ತು. ಬೆಳಗಿನಿಂದ ಒಗೆದ ಮೂರನೆಯ ಸೀರೆ ಅದು. ಅವಳು ಬಸ್ಸು ಕೇಳಲು ಹೋಗಲಿಲ್ಲ. ಸಿಸ್ಟರ್ ಪುಷ್ಪಲತಾಳನ್ನು ಕರೆದುಕೊಂಡು ಬಂದಳು.

ಸಿದ್ದಾಪುರದ ಆಚೆಗಿನ ಹಟ್ಟಿಯಿಂದ ಈ ಮುದುಕಿ ಚಳ್ಳಕೆರೆಯ ಆಸ್ಪತ್ರೆಗೆ ಬಂದು ಒಂಬತ್ತು ದಿನವಾಗಿತ್ತು. ಕುರಿಗಳ ಹಿಂದೆ ಹೋದಾಗ ಬಳ್ಳಾರಿ ಜಾಲಿಯ ಮುಳ್ಳು ಅಂಗಾಲಿನಲ್ಲಿ ಮುರಿದುಕೊಂಡಿತ್ತು. ಅರಿಶಿಣ ಮೆತ್ತಿ, ಎಕ್ಕದ ಹಾಲು ಹಚ್ಚಿ ಹದಿನೈದು ದಿನ ದೂಡಿ, ಕಾಲು ಕಂಬದಂತೆ ಊದಿದ ಮೇಲೆ ಕರೆತಂದಿದ್ದರು. ಡಾಕ್ಟರ್ ನಾಗಭೂಷಣ ಕೊಯ್ದು ಕೀವು ತೆಗೆದು, ದಿನಕ್ಕೆ ಮೂರು ಇಂಜೆಕ್ಷನ್ ಬರೆದರು. ಬಾವು ಇಳಿಯತೊಡಗಿತು. ಆದರೆ ಐದನೆಯ ದಿನ ಭೇದಿ ಹಿಡಿಯಿತು. ಕಕ್ಕಸು ವರಾಂಡದ ಆ ತುದಿಯಲ್ಲಿತ್ತು. ಕುಂಟುತ್ತಾ ಅಲ್ಲಿಗೆ ಹೋಗುವಷ್ಟರಲ್ಲಿ ಸೀರೆ ಕೆಟ್ಟಿರುತ್ತಿತ್ತು. ಹಟ್ಟಿಯಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳಿಕೊಂಡು ಬಾಳಿದ ಹೆಂಗಸು, ಈಗ ಸೊಸೆಯ ಮುಖ ನೋಡುವುದನ್ನೇ ಬಿಟ್ಟಿದ್ದಳು.

"ಇನ್ನೂ ಐದು ದಿನ ಇಂಜೆಕ್ಷನ್ ಐತೆ ಅಜ್ಜಿ. ಈಗ ಬಿಟ್ಟು ಹೋದ್ರೆ ಮತ್ತೆ ಕೀವು ತುಂಬುತ್ತೆ. ಆಮೇಲೆ ಚಿತ್ರದುರ್ಗಕ್ಕೆ ಹೋಗಿ ಕಾಲೇ ತೆಗೆಸ್ಬೇಕಾಗುತ್ತೆ," ಎಂದಳು ಪುಷ್ಪಲತಾ.

"ತೆಗೀಲಿ ಬಿಡವ್ವ. ಕಾಲು ಹೋದ್ರೆ ಒಂದು ಕಾಲು ಹೋಯ್ತದೆ. ಸೊಸೆ ಕೈಲಿ ಇದನ್ನೆಲ್ಲ ತೊಳೆಸ್ಕಂಡು ಬದುಕೋದು ಯಾತಕ್ಕೆ? ನಿಮ್ಮ ಸೂಜಿ ಬಂದ ಮ್ಯಾಲೇ ಹೊಟ್ಟೆ ಕೆಟ್ಟಿದ್ದು. ಸೂಜಿ ಬ್ಯಾಡ."

ಅವಳು ಹೇಳಿದ್ದು ಸುಳ್ಳೇನೂ ಅಲ್ಲ. ಹನ್ನೆರಡು ವರ್ಷದಿಂದ ವಾರ್ಡು ನೋಡುತ್ತಿದ್ದ ಪುಷ್ಪಲತಾಳಿಗೆ ಈ ಭೇದಿಯ ಪರಿಚಯ ಚೆನ್ನಾಗಿಯೇ ಇತ್ತು. ಸೂಜಿಮದ್ದು ಕೀವಿನ ಕ್ರಿಮಿಯ ಜೊತೆಗೆ ಹೊಟ್ಟೆಯ ಒಳ್ಳೆಯ ಕ್ರಿಮಿಯನ್ನೂ ಕೊಲ್ಲುತ್ತಿತ್ತು. ಗಾಯ ಮಾಗಿದರೂ ಹೊಟ್ಟೆಗಾಗಿ ಜನ ಇನ್ನೂ ಮೂರು ನಾಲ್ಕು ದಿನ ಮಂಚ ಹಿಡಿಯುತ್ತಿದ್ದರು. ಅಷ್ಟು ದಿನದ ಸಲೈನು, ಸೋಪು, ಮನೆಯವರು ಕಳೆದುಕೊಳ್ಳುವ ಕೂಲಿ ಎಲ್ಲ ಸೇರಿಸಿದರೆ, ಹೊಟ್ಟೆಯ ಒಳ್ಳೆಯ ಕ್ರಿಮಿ ತುಂಬಿದ ಕ್ಯಾಪ್ಸೂಲು ಮೊದಲೇ ಕೊಡುವುದು ಅಗ್ಗವೆಂದು ಅವಳ ವಾದ. ಡಾಕ್ಟರಿಗೂ ಒಪ್ಪಿಗೆಯಿತ್ತು, ಆದರೆ ಆಸ್ಪತ್ರೆಗೆ ಬರುವ ಔಷಧಿಯ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಅಜ್ಜಿಯ ಭೇದಿಯಲ್ಲಿ ರಕ್ತವಿಲ್ಲ, ಜ್ವರವಿಲ್ಲವೆಂದು ಪರೀಕ್ಷಿಸಿದ ಡಾಕ್ಟರು, "ಕೊಟ್ಟು ನೋಡೋಣ" ಎಂದಿದ್ದರು. ಪುಷ್ಪಲತಾ ಅಂಗಡಿಯಿಂದ ತನ್ನ ದುಡ್ಡಿನಲ್ಲೇ ಆ ಕ್ಯಾಪ್ಸೂಲಿನ ಒಂದು ಸ್ಟ್ರಿಪ್ಪು ತಂದಿದ್ದಳು.

"ಮೊದ್ಲು ಈ ಗುಳಿಗೆ ನುಂಗು," ಎಂದು ಕೈಗಿಟ್ಟಳು.

ಮುದುಕಿ ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾಲ್ಕಕ್ಷರ ಕಲಿತವರಿಗೆ ತಿಳಿಹೇಳದೆ ಇರಲಾಗದ ಒಂದು ಚಟವಿರುತ್ತದೆ. "ಹೆದರ್ಬೇಡ ಅಜ್ಜಿ, ಇದರೊಳಗೆ ಇರೋದು ಮಜ್ಜಿಗೇಲಿರೋ ಅಂಥದೇ ಜೀವ. ಅದನ್ನೇ ಒಣಗಿಸಿ ತುಂಬಿರ್ತಾರೆ," ಎಂದುಬಿಟ್ಟಳು.

ಸೂರಮ್ಮನ ಕೈ ಅಲ್ಲೇ ನಿಂತಿತು. "ಮಜ್ಜಿಗೇನಾ? ದುಡ್ಡು ಕೊಟ್ಟು ತಂದ್ಯಾ?"

"ಹೂಂ."

"ಶಿವನೇ! ಮಜ್ಜಿಗೇನೂ ಮಾರ್ತಾರಾ?" ಮುದುಕಿ ಕ್ಯಾಪ್ಸೂಲನ್ನು ಹಿಂದಕ್ಕಿಟ್ಟಳು. "ನಮ್ಮ ಹಟ್ಟೀಲಿ ತುಪ್ಪ ಮಾರ್ತೀವಿ, ಮಜ್ಜಿಗೆ ಮಾರಲ್ಲ, ಕೊಳ್ಳಲ್ಲ. ಮಜ್ಜಿಗೆಗೆ ಕಾಸು ಮುಟ್ಟಿದ್ರೆ ದನದ ಕೆಚ್ಚಲು ಬತ್ತತೈತೆ ಅಂತಾರೆ ಹಿರೇರು. ಒಯ್ಯವ್ವ ಇದನ್ನ."

ಪುಷ್ಪಲತಾಳಿಗೆ ಸಿಟ್ಟು ಬಂತು, ನಗುವೂ ಬಂತು. ಉಪಕಾರ ಮಾಡಲು ಹೋಗಿ ಬಾಯಿಂದಲೇ ಕೆಡಿಸಿಕೊಂಡಿದ್ದಳು. "ಹಂಗಾದ್ರೆ ಮಜ್ಜಿಗೇನೇ ಕುಡಿ. ಡಾಕ್ಟ್ರಿಗೆ ನಾನು ಹೇಳ್ತೀನಿ," ಎಂದಳು.

"ಗಾಯಕ್ಕೆ ಹುಳಿ ಆಗಲ್ಲ, ಕೀವಾಗ್ತದೆ ಅಂತ ಅತ್ತೆ ಬಂದಾಗಿಂದ ಮಜ್ಜಿಗೆ ಮುಟ್ಟಿಲ್ಲ ಸಿಸ್ಟರೇ," ಎಂದಳು ಕಾಂಚನಾ, ಮೆಲ್ಲಗೆ.

"ಕೀವು ತೆಗೆದ ಡಾಕ್ಟ್ರೇ ಕುಡೀಬಹುದು ಅಂದ್ರೆ?"

ಸೂರಮ್ಮ ತುಸು ಯೋಚಿಸಿದಳು. "ಎಲ್ಲೈತೆ ಇಲ್ಲಿ? ಹೋಟ್ಲಲ್ಲಿ ಕೊಂಡು ತರ್ಬೇಕು. ಹಟ್ಟಿಯಿಂದ ಬರೋ ಹೊತ್ತಿಗೆ ಈ ಬಿಸಿಲಿಗೆ ಕೆಟ್ಟೋಯ್ತದೆ. ನಿಮ್ಮನೇಲಿ ಕರಾವೈತಾ?"

"ಎಲ್ಲಿಂದ ಬರ್ಬೇಕು? ನಮ್ದು ಪಾಕೀಟು ಹಾಲು."

ಕಾಂಚನಾ ಒದ್ದೆ ಸೀರೆಯನ್ನು ಕಿಟಕಿಯ ಸರಳಿಗೆ ಹಾಕಿ, ಮಂಚದ ಕೆಳಗಿನ ಚೊಂಬು ತೆಗೆದುಕೊಂಡಳು. "ಆಸ್ಪತ್ರೆ ಹಿಂದೆ ಎಮ್ಮೆ ಕಟ್ಟಿರೋ ಮನೆ ಐತೆ. ಕೇಳಿ ಇಸ್ಕಂಡು ಬರ್ತೀನಿ."

"ಬ್ಯಾಡ!" ಸೂರಮ್ಮನ ದನಿ ಏರಿತು. "ನಾವು ಕೊಟ್ಟೋರು. ಇನ್ನೊಬ್ಬರ ಬಾಗಿಲಲ್ಲಿ ಚೊಂಬು ಹಿಡಿದೋರಲ್ಲ."

ಮದುವೆಯಾಗಿ ಎರಡು ವರ್ಷದಲ್ಲಿ ಅತ್ತೆಗೆ ಎದುರಾಡದ ಕಾಂಚನಾ ಬಾಗಿಲಲ್ಲೇ ತಿರುಗಿ ನಿಂತಳು. "ನಾಲ್ಕು ದಿನದಿಂದ ನಿಮ್ಮ ಸೀರೆ ತೊಳೀತಾ ಇದೀನಿ. ಅದಕ್ಕೇ ನಾಚ್ಕೆ ಆಗಿಲ್ಲ ನಂಗೆ. ಮಜ್ಜಿಗೆ ಕೇಳೋಕೆ ಆಗ್ತದಾ ಅತ್ತೆ? ನಮ್ಮವ್ವಂಗಾದ್ರೆ ತೊಳೀತಿರ್ಲಿಲ್ವಾ?" ಎಂದವಳೇ ಹೊರಟುಹೋದಳು.

ಮುದುಕಿ ಗಂಟಿನ ಮೇಲೆ ಕೈಯಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು.

ಎಮ್ಮೆ ಮನೆಯ ಶಾರದಮ್ಮ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. "ಯಾರಿಗೆ ಹುಷಾರಿಲ್ಲವ್ವ?" ಎಂದಷ್ಟೇ ಕೇಳಿ, ಬೆಳಿಗ್ಗೆ ಕಡೆದ ಮಜ್ಜಿಗೆಯನ್ನು ಚೊಂಬಿನ ತುಂಬ ಹೊಯ್ದಳು. "ನಾಳೇನೂ ಬಾ," ಎಂದಳು. ಅಷ್ಟರಲ್ಲಿ ಡಾಕ್ಟರೂ ಹೂಂ ಅಂದಿದ್ದರು. ಇಂಜೆಕ್ಷನ್ನಾಗಿ ಎರಡು ಗಂಟೆ ಬಿಟ್ಟು ಕುಡಿಯಬೇಕು ಎಂದು ಅವರದೊಂದು ಷರತ್ತು. ಹಾಗೆ ಮಜ್ಜಿಗೆಯ ದಾರಿ ಹಿಡಿದು ಸೂಜಿಯೂ ಒಳಗೆ ಬಂತು. ಸೂರಮ್ಮ ಎರಡಕ್ಕೂ ಗೊಣಗಿದಳು, ಆದರೆ ಮಧ್ಯಾಹ್ನ ಚೊಂಬೆತ್ತಿ ಕುಡಿಯುವಾಗ ಅವಳ ಕಣ್ಣು ತುಂಬಿತ್ತು.

ಬೇಡವಾದ ಕ್ಯಾಪ್ಸೂಲು ಪಕ್ಕದ ಮಂಚದ ಕರಿಯಕ್ಕನ ಪಾಲಾಯಿತು. ಅವಳದೂ ಅದೇ ಪಾಡು. ನಾಲ್ಕು ದಿನದಲ್ಲಿ ಇಬ್ಬರ ಹೊಟ್ಟೆಯೂ ಹೆಚ್ಚುಕಡಿಮೆ ಒಟ್ಟಿಗೇ ಹತೋಟಿಗೆ ಬಂತು. ಗುಳಿಗೆಯಿಂದಲೋ, ಮಜ್ಜಿಗೆಯಿಂದಲೋ, ಕರುಳು ತಾನಾಗಿ ಸುಧಾರಿಸಿತೋ, ಹೇಳುವವರು ಯಾರು? ಪುಷ್ಪಲತಾ ಮಾತ್ರ ಎರಡನ್ನೂ ಕೇಸ್ ಷೀಟಿನಲ್ಲಿ ಗುರುತು ಹಾಕಿಕೊಂಡಳು. ಮುಂದಿನ ಔಷಧಿ ಪಟ್ಟಿ ಕಳಿಸುವಾಗ ಕ್ಯಾಪ್ಸೂಲಿನ ಹೆಸರನ್ನೂ ಸೇರಿಸಲು ಡಾಕ್ಟರ ಕಿವಿ ಕಚ್ಚಬೇಕೆಂದು ಅವಳ ಲೆಕ್ಕಾಚಾರ.

ಐದನೆಯ ದಿನ ಮಧ್ಯಾಹ್ನ ಅವಳು ಕೊನೆಯ ಇಂಜೆಕ್ಷನ್ ತೆಗೆದುಕೊಂಡು ವಾರ್ಡಿಗೆ ಬಂದಾಗ, ಸೂರಮ್ಮನ ಮಂಚದ ಮೇಲೆ ಮಲಗಿದ್ದವಳು ಕಾಂಚನಾ. ಎಷ್ಟು ದಿನದ ನಿದ್ದೆಯೋ, ಬಾಯಿ ಅರೆ ತೆರೆದು ಮೈಮರೆತಿದ್ದಳು. ಸೂರಮ್ಮ ಕೆಳಗೆ ಗೋಡೆಗೊರಗಿ ಕೂತು, ಸೊಸೆಯ ಮುಖಕ್ಕೆ ಮುತ್ತುವ ನೊಣಗಳನ್ನು ಸೆರಗಿನಿಂದ ಓಡಿಸುತ್ತಿದ್ದಳು.

"ಇದೇನಜ್ಜಿ, ಪೇಷೆಂಟ್ ಯಾರು..." ಎಂದು ಪುಷ್ಪಲತಾ ಶುರುಮಾಡುವಷ್ಟರಲ್ಲಿ, ಮುದುಕಿ ತುಟಿಯ ಮೇಲೆ ಬೆರಳಿಟ್ಟು ಶ್ ಎಂದಳು. ಒಂದು ಕೈಯಿಂದ ಸೆರಗು ಬೀಸುವುದನ್ನು ನಿಲ್ಲಿಸದೆ, ಇನ್ನೊಂದು ಕೈಯನ್ನು ಸೂಜಿಗೆ ಒಡ್ಡಿದಳು.