ಕಂಕುಳಿನ ಬೈರಾಸು

ಬೆರಗಾದರೆ ಕಾಪುವಿನ ಮೀನುಗಾರ ಭೋಜನಿಗೆ ಕೈ ಮೊದಲು ತಲೆಗೆ ಹೋಗುತ್ತಿತ್ತು. ಮುಂಡಾಸಿನಂತೆ ಸುತ್ತಿದ ಬೈರಾಸನ್ನು ಬಿಚ್ಚಿ, ಮಡಚಿ, ಕಂಕುಳಲ್ಲಿ ಇರುಕಿಸಿಕೊಂಡು, ದೈವದ ಎದುರು ನಿಂತವನ ಹಾಗೆ ಕೈ ಮುಗಿಯುತ್ತಿದ್ದ. ಎದುರಿಗೆ ದೈವವೇ ಇರಬೇಕೆಂದಿಲ್ಲ. ದೀಪಸ್ತಂಭದ ಬಂಡೆಗೆ ಅಪ್ಪಳಿಸಿದ ತೆರೆಯಾದರೂ ಸರಿ, ಬನ್ನಂಜೆಯ ನಮ್ಮ ಮನೆಯ ಗೋಡೆಯಲ್ಲಿ ಗೂಡು ಕಟ್ಟುತ್ತಿದ್ದ ಕಣಜವಾದರೂ ಸರಿ.

"ಎಂತ ಭೋಜ, ಕಣಜಕ್ಕೂ ನಮಸ್ಕಾರವಾ?" ಎಂದು ನಾನೊಮ್ಮೆ ನಕ್ಕೆ.

"ಅಂಥದ್ದೊಂದು ಗೂಡು ನಿಮಗೆ ಕಟ್ಟಲಿಕ್ಕೆ ಬರ್ತದಾ ಮಾಷ್ಟ್ರೇ?"

ಈ ಅಭ್ಯಾಸವೇ ಅವನಿಗೆ ಮುಳುವಾಯಿತು. ದಡದಿಂದ ಬಲೆ ಎಳೆಯುವ ಕೈರಂಪಣಿ ತಂಡದಲ್ಲಿ, ದಿಬ್ಬದ ಮೇಲೆ ನಿಂತು ಮೀನಿನ ಹಿಂಡು ಗುರುತಿಸುವವನು ಭೋಜ. ಅವನು ಬೈರಾಸು ಬೀಸಿದ ಮೇಲೆಯೇ ದೋಣಿ ಬಲೆ ಬಿಡುತ್ತ ಸುತ್ತು ಹಾಕಬೇಕು. ಇಪ್ಪತ್ತೆರಡು ವರ್ಷ ಆ ದಿಬ್ಬ ಅವನದಾಗಿತ್ತು. ಅವನಿಗಿದ್ದ ಹೆಮ್ಮೆ ಅದೊಂದೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ನೀರಿನಡಿಯಿಂದ ಬೆಳ್ಳಿ ಕುದಿದು ಬಂದಂತೆ ಬಂಗುಡೆಯ ಹಿಂಡು ಮೇಲೆದ್ದಿತು. ಭೋಜ ಬೈರಾಸು ಬಿಚ್ಚಿದ. ಬೀಸಲಿಲ್ಲ. ಕಂಕುಳಲ್ಲಿಟ್ಟು ಕೈ ಮುಗಿದು ನಿಂತುಬಿಟ್ಟ. ದೋಣಿಯವರು ಕಾದರು, ಹಿಂಡು ಹೋಯಿತು.

"ನಿನ್ನನ್ನು ಅಲ್ಲಿ ನಿಲ್ಲಿಸಿದ್ದು ಮೀನು ನೋಡಲಿಕ್ಕಾ, ಪೂಜೆ ಮಾಡಲಿಕ್ಕಾ?" ಎಂದು ತಂಡದ ಯಜಮಾನ ದೂಮಪ್ಪಣ್ಣ ಸಿಡಿದರು.

"ನೋಡಿದ್ದೇ ಹೆಚ್ಚಾಯ್ತು ದೂಮಪ್ಪಣ್ಣ. ಕೈ ಏಳಲೇ ಇಲ್ಲ."

ಅಂದೇ ದಿಬ್ಬ ತಪ್ಪಿತು. ಹಗ್ಗದ ಕೊನೆಯಲ್ಲಿ ಎಳೆಯುವವರ ಜೊತೆ ನಿಂತ. ಯಾರನ್ನೂ ದೂರಲಿಲ್ಲ, ಎಳೆಯುತ್ತ ಎಳೆಯುತ್ತ ದಿಬ್ಬದ ಕಡೆ ನೋಡುವುದನ್ನು ಮಾತ್ರ ಬಿಡಲಿಲ್ಲ.

ಕಳೆದ ತಿಂಗಳು, ನಾನೇ ಕರೆದುಕೊಂಡು ಹೋಗಿದ್ದ ಮಣಿಪಾಲದ ಆಸ್ಪತ್ರೆಯಲ್ಲಿ, ಅವನಿಗೆ ಅವನ ಹೃದಯವನ್ನೇ ಪರದೆಯ ಮೇಲೆ ತೋರಿಸಿದರು. ಸೋತುಹೋದ ಆ ಮುಷ್ಟಿಗಾತ್ರದ ಮಾಂಸ ಮುಚ್ಚಿ ತೆರೆಯುತ್ತಿತ್ತು. ಉಳಿಯುವುದು ಕಷ್ಟ ಎಂದು ಡಾಕ್ಟರು ನನಗೆ ಮೊದಲೇ ಹೇಳಿದ್ದರಿಂದ ನಾನು ಮುಖ ತಿರುಗಿಸಿದೆ. ಭೋಜ ಕಣ್ಣು ಕೀಳಲಿಲ್ಲ.

"ಹುಟ್ಟಿದಂದಿನಿಂದ ಹೀಗೇ ಎಳೀತಾ ಉಂಟಾ ಇದು? ಒಂದು ದಿನವೂ ನಾನು ವಿಚಾರಿಸಲಿಲ್ಲವಲ್ಲ ಮಾರಾಯ್ರೇ!"

ಕೈ ಬರಿದಲೆಗೆ ಹೋಯಿತು. ನನ್ನ ಹತ್ತಿರವಿದ್ದ ತನ್ನ ಬೈರಾಸನ್ನು ಕೇಳಿ ತೆಗೆದುಕೊಂಡು, ಮಲಗಿದಲ್ಲೇ ತಲೆಗಿಟ್ಟು, ಮತ್ತೆ ತೆಗೆದು, ಕಂಕುಳಲ್ಲಿಟ್ಟುಕೊಂಡ. ನಾಲ್ಕನೆಯ ದಿನ ಹೋಗಿಬಿಟ್ಟ.

ಮೊನ್ನೆ ಬೆಳಿಗ್ಗೆ ನಾನು ಕಡಲಿಗೆ ಹೋದಾಗ ದಿಬ್ಬದ ಮೇಲೆ ದೂಮಪ್ಪಣ್ಣನೇ ಇದ್ದರು. ಹಿಂಡು ಕಂಡಿತು, ಬೈರಾಸು ಬೀಸಿದರು. ದೋಣಿ ಸುತ್ತು ಮುಗಿಸಿದ ಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅದನ್ನು ಮಡಚಿ ಕಂಕುಳಲ್ಲಿಟ್ಟರು.

ಭೋಜ ದೇವರಲ್ಲಿ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿಲ್ಲ. ಅಂಥವರ ಆಯುಷ್ಯವೆಲ್ಲ ಕಂಡದ್ದರ ಮುಂದೆ ತಲೆ ಬರಿದು ಮಾಡಿ ನಿಲ್ಲುವುದರಲ್ಲೇ ಕಳೆದುಹೋಗುತ್ತದೆ. ಬೇಡುವುದಕ್ಕೆ ಹೊತ್ತು ಉಳಿಯುವುದಿಲ್ಲ.