ವಾರಕ್ಕೆ ಏಳು ದಿನ ವ್ರತ

"ಕೇಳಿದ್ಯೇನೇ ಅಪರ್ಣ, ಪುಟ್ಟಮ್ಮ ವ್ರತ ಹಿಡಿದಿದ್ದಾಳಂತೆ. ಕೆಂಪು ಚೀಲ ಮುಟ್ಟಲ್ವಂತೆ."

ವಸಂತಾ ಆಂಟಿ ಏಪ್ರನ್ ಕಟ್ಟಿಕೊಳ್ಳುತ್ತಲೇ ಹೇಳಿದರು. ನಾನಿನ್ನೂ ಕಾರ್ಡ್ ಪಂಚ್ ಮಾಡಿರಲಿಲ್ಲ.

"ಯಾವ ವ್ರತ ಆಂಟಿ?"

"ಮಾರಮ್ಮಂದಂತೆ. ವಾರಕ್ಕೆ ಏಳು ದಿನ."

ನನಗೆ ನಗು ತಡೆಯಲಾಗಲಿಲ್ಲ. ಆಂಟಿ ನಗಲಿಲ್ಲ.

ಮೆಲ್ಬರ್ನಿನ ಬಾಕ್ಸ್ ಹಿಲ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಲಾಂಡ್ರಿ. ಮೂರು ಆಸ್ಪತ್ರೆಗಳ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಬಿಳಿ ಚೀಲದಲ್ಲಿ ದಿಂಬಿನ ಕವರು, ಟವೆಲ್ಲು; ಬಾಯಿ ಬಿಚ್ಚಿ ಮೆಷಿನ್ನಿಗೆ ಸುರಿದರಾಯಿತು. ಕೆಂಪು ಚೀಲದಲ್ಲಿ ರಕ್ತ, ಹೇಲು, ವಾಂತಿ. ಅದನ್ನು ಮೇಜಿನ ಮೇಲೆ ಹರಡಿ, ಒಳಗೆ ಸೂಜಿಯೋ ಕತ್ತರಿಯೋ ಉಳಿದಿದೆಯಾ ಎಂದು ಒಂದೊಂದೇ ಬಟ್ಟೆಯನ್ನು ಕೈಯಲ್ಲೇ ನೋಡಬೇಕು. ಒಂದು ಕೆಂಪು ಮುಗಿಯುವಷ್ಟರಲ್ಲಿ ಮೂರು ಬಿಳಿ ಮುಗಿಯುತ್ತಿದ್ದವು.

ಅದು ತೊಂಬತ್ತೆರಡನೇ ಇಸವಿ. ವಸಂತಾ ಆಂಟಿಯ ಗಂಡ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದವರು, ಇಲ್ಲಿ ಕೆಲಸ ಹುಡುಕುತ್ತ ಪೇಪರಿನ ಜಾಹೀರಾತಿಗೆ ಗೆರೆ ಎಳೆಯುವವರು. ಅಹಲ್ಯಾ ಆಂಟಿ, ಭಾಗೀರಥಿ ಆಂಟಿಯರ ಮನೆಯಲ್ಲೂ ಅದೇ ಕಥೆ. ನಾನು ಕ್ಲಾಸಿಲ್ಲದ ದಿನ ಬರುತ್ತಿದ್ದ ಸ್ಟೂಡೆಂಟು. ಪುಟ್ಟಮ್ಮ ಮಂಡ್ಯದ ಕಡೆಯವಳು. ಒಬ್ಬ ಡಾಕ್ಟರ ಮಕ್ಕಳನ್ನು ನೋಡಿಕೊಳ್ಳಲು ಬಂದು, ಮಕ್ಕಳು ದೊಡ್ಡವರಾದ ಮೇಲೆ ಇಲ್ಲಿಗೆ ಸೇರಿದ್ದಳು. ನಮ್ಮೈವರ ಮೇಲೆ ಟೀಮ್ ಲೀಡರ್ ಚಂದ್ರಶೇಖರ್, ಮೈಸೂರಿನವರು. ನಮಗೆ ಅಂಕಲ್, ಪುಟ್ಟಮ್ಮನಿಗೆ ಸಾರ್.

ಮೊದಲು ಶುರು ಮಾಡಿದ್ದು ವಸಂತಾ ಆಂಟಿ. ಸೋಮವಾರ ಶಿವನ ಉಪವಾಸ, ಅವತ್ತು ಕೆಂಪು ಬೇಡ ಅಂದರು. ಅಂಕಲ್ ತಲೆಯಾಡಿಸಿದರು. ಗುರುವಾರ ಅಹಲ್ಯಾ ಆಂಟಿಗೆ ರಾಯರು, ಶುಕ್ರವಾರ ಭಾಗೀರಥಿ ಆಂಟಿಗೆ ಲಕ್ಷ್ಮಿ. ಆಮೇಲೆ ಸಂಕಷ್ಟಿ ಬಂತು, ಏಕಾದಶಿ ಬಂತು. ನಾನು ಶನಿವಾರ ಆಂಜನೇಯನನ್ನು ಹಿಡಿದೆ. ಪುಟ್ಟಮ್ಮನ ದೇವರು ಯಾರು ಅಂತ ಯಾರೂ ಕೇಳಲಿಲ್ಲ. ಕೆಂಪು ಚೀಲಗಳೆಲ್ಲ ಅವಳ ಮೇಜಿಗೆ ಹೋದವು. ಭಾನುವಾರ ಯಾರಿಗೂ ವ್ರತವಿರಲಿಲ್ಲ. ಆದರೂ ಅವಳ ಮೇಜಿಗೇ ಹೋಗುತ್ತಿದ್ದವು.

ಹೋದ ತಿಂಗಳು ಗೋಡೆಗೆ ಬಿಳಿ ಬೋರ್ಡ್ ಬಂತು. ಟೀಮ್ ಗೋಲ್: ಒಬ್ಬೊಬ್ಬರಿಗೆ ದಿನಕ್ಕೆ ನಲವತ್ತು ಚೀಲ. "ಎಲ್ಲರಿಗೂ ಒಂದೇ, ಎಲ್ಲರಿಗೂ ಕಾಣೋ ಹಾಗೆ. ಇದಕ್ಕಿಂತ ಫೇರ್ ಬೇಕೇನ್ರಮ್ಮ?" ಅಂದರು ಅಂಕಲ್. ಬೋರ್ಡಿನಲ್ಲಿ ಚೀಲಕ್ಕೆ ಬಣ್ಣವಿರಲಿಲ್ಲ. ನಮ್ಮ ಹೆಸರಿನ ಮುಂದೆ ನಲವತ್ತು, ನಲವತ್ತೊಂದು. ಪುಟ್ಟಮ್ಮನ ಮುಂದೆ ಹದಿನಾಲ್ಕು.

ನಿನ್ನೆ ಸಂಜೆ ಅಂಕಲ್ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿಕೊಂಡಿದ್ದರು. "ಈ ಕೆಲಸ ನಿಮ್ಮೋರಿಗೆ ಅಭ್ಯಾಸ ಇರುತ್ತೆ ಅಂತ ಕೊಟ್ಟೆ. ಇದರಲ್ಲೂ ಸೋಮಾರಿತನ ಅಂದ್ರೆ ಹೆಂಗೆ? ಮುಂದಿನ ವಾರದ ಡ್ಯೂಟಿ ರೋಸ್ಟರ್‌ನಿಂದ ನಿನ್ನ ಹೆಸರು ತೆಗೀತಿದೀನಿ." ನಾವು ನಾಲ್ವರೂ ಟವೆಲ್ ಮಡಚುತ್ತಿದ್ದೆವು.

ಇವತ್ತು ಏಳು ಗಂಟೆಗೆ ಅಂಕಲ್ ಎಂದಿನಂತೆ ಕೆಂಪು ಚೀಲದ ಟ್ರಾಲಿಯನ್ನು ಅವಳತ್ತ ನೂಕಿದರು. ಪುಟ್ಟಮ್ಮ ಅದನ್ನು ಕಾಲಲ್ಲಿ ವಾಪಸ್ ತಳ್ಳಿದಳು.

"ಏನೇ ಇದು?"

"ವ್ರತ ಸಾ."

"ನಿಮಗೆಲ್ಲಿಂದ ಬಂತು ವ್ರತ?"

"ಯಾಕ್ ಸಾ, ವೀಸಾ ಸಿಕ್ಕಿರೋದು ನಿಮ್ ದೇವ್ರಿಗೆ ಮಾತ್ರನಾ? ನಮ್ಮಟ್ಟಿ ಮಾರಮ್ಮನೂ ಬಂದವ್ಳೆ."

"ಬಾಯಿ ಮುಚ್ಚೇ ಮುಂಡೆ. ಯಾರದೋ ಮನೇಲಿ ಮಕ್ಕಳ ಮುಕಳಿ ತೊಳ್ಕೊಂಡಿದ್ದೋಳನ್ನ ತಂದು ಇಲ್ಲಿ ನಿಲ್ಲಿಸಿದ್ದು ನಾನು."

"ತೊಳ್ದಿವ್ನಿ. ಆ ಮಕ್ಳು ತೊಳಿಸ್ಕಂಡು ನಗ್ತಿದ್ವು. ನಿಮ್ಮಂಗೆ ಬಯ್ತಿರ್ನಿಲ್ಲ."

ಅವಳು ಗ್ಲೌಸ್ ಕಿತ್ತು ಬೆರಳು ಎತ್ತಿದಳು. "ಇಲ್ ನೋಡಿ, ಸೂಜಿ ಚುಚ್ಚಿದ್ದು. ಮೂರ್ ದಪ ರಕ್ತ ತಗ್ದವ್ರೆ, ಏನೂ ಅಂಟಿಲ್ಲ ಅಂತ ಇನ್ನೂ ಯೋಳಿಲ್ಲ. ನಿಮ್ ಬೋಲ್ಡಲ್ಲಿ ಇದ್ಕೆ ಏಸ್ ನಂಬ್ರ ಆಕಿದೀರಿ?"

ಪುಟ್ಟಮ್ಮ ಬೋರ್ಡಿನ ಹತ್ತಿರ ಹೋದಳು. ಅವಳಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಯಾವ ಸಾಲು ಯಾರದೆಂದು ಒಂದು ತಿಂಗಳಿಂದ ನೋಡುತ್ತಿದ್ದಳು. ಕೆಂಪು ಪೆನ್ನು ತೆಗೆದು ಒಂದೊಂದು ಸಾಲಿಗೆ ನಾಲ್ಕು ಗೀಟು ಎಳೆದಳು. ತನ್ನ ಸಾಲಿಗೂ ನಾಲ್ಕು.

"ನೆನ್ನೆ ಮಿಕ್ಕಿದ್ದೂ ಸೇರಿ ಕೆಂಪು ಚೀಲ ಇಪ್ಪತ್ತವೆ. ಜನ ಐದವ್ರೆ. ಒಂದ್ ಕೆಂಪಿಗೆ ಮೂರ್ ಬಿಳಿ ಅಂತ ಎಣ್ಸಿ. ಮಾರಮ್ಮುನ್ ಕೇಳ್ದೆ. ಎಲ್ರೂ ಮುಟ್ಟುದ್ರೆ ನಾನೂ ನಾಕು ಮುಟ್ಬೌದಂತೆ. ಐದ್ನೇದು ಮುಟ್ಟುದ್ರೆ ಮುನ್ಸ್ಕತಾಳಂತೆ."

ಅಂಕಲ್ ಡಸ್ಟರ್ ತೆಗೆದುಕೊಂಡು ಉಜ್ಜಿದರು. ನಮ್ಮ ನಲವತ್ತು, ನಲವತ್ತೊಂದು ಅಳಿಸಿಹೋದವು. ಗೀಟು ಹೋಗಲಿಲ್ಲ. ಅದು ಬಿಳಿ ಚೀಲದ ಮೇಲೆ ವಾರ್ಡ್ ನಂಬರ್ ಬರೆಯುವ ಪೆನ್ನು. ಎಷ್ಟು ಒಗೆದರೂ ಬಿಡದ ಶಾಯಿ. ಅವರು ಎಂಜಲು ಹಚ್ಚಿಯೂ ಉಜ್ಜಿದರು.

ನಾನು ಟ್ರಾಲಿಯಿಂದ ಒಂದು ಕೆಂಪು ಚೀಲ ಎಳೆದುಕೊಂಡೆ.

"ಅಪರ್ಣ, ಇವತ್ತು ಶನಿವಾರ ಅಲ್ವೇನಮ್ಮಾ?" ಅಂಕಲ್ ದನಿ ಮೆತ್ತಗಾಗಿತ್ತು.

"ನಂಗೆ ಆಂಜನೇಯನ ಒಂದು ಶ್ಲೋಕಾನೂ ಬರಲ್ಲ ಅಂಕಲ್. ಸುಳ್ಳು ಹೇಳಿದ್ದೆ."

ಚೀಲ ಬಿಚ್ಚಿದೆ. ಮೇಲಿನ ಬಟ್ಟೆ ಎತ್ತಿ ಮೇಜಿನ ಮೇಲೆ ಹರಡಿದೆ. ಪಕ್ಕದಲ್ಲಿ ಅಹಲ್ಯಾ ಆಂಟಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, "ದಪ್ಪ ಗ್ಲೌಸ್ ಇನ್ನೊಂದು ಜೊತೆ ಇದ್ಯಾ ಪುಟ್ಟಮ್ಮ?" ಅಂದರು. ಭಾಗೀರಥಿ ಆಂಟಿ ಕೆಂಪು ಚೀಲಕ್ಕೆಂದು ತಮ್ಮ ಮೇಜು ಖಾಲಿ ಮಾಡಿದರು.

"ನಾಳೆ ಮ್ಯಾನೇಜರ್‌ನ ಕರೆಸ್ತೀನಿ. ಒಬ್ಬೊಬ್ಬರಿಗೂ ಇದೆ," ಎಂದು ಅಂಕಲ್ ಆಫೀಸಿಗೆ ಹೋದರು.

"ಕರ್ಸು ಹೋಗೋ ಬೋಳಿಮಗ್ನೆ," ಅಂದಳು ಪುಟ್ಟಮ್ಮ, ಬಾಗಿಲು ಮುಚ್ಚುವ ಮೊದಲೇ. ಆಮೇಲೆ ನಮ್ಮತ್ತ ತಿರುಗಿದಳು. "ನಾಳೆ ಆರೂವರೆಗೆ, ಈ ಬೋಲ್ಡ್ ಮುಂದೆ. ಗೀಟು ಎಣ್ಸಿ ತೋರ್ಸವ."

ವಸಂತಾ ಆಂಟಿ ಮಾತ್ರ ಕೈಯಲ್ಲಿ ಟವೆಲ್ ಹಿಡಿದು ನಿಂತೇ ಇದ್ದರು. "ನಾಳೆ ನಂಗೆ..." ಅಂದರು.

"ನಾಳೆ ಭಾನ್ವಾರ ಕಣ್ರವ್ವಾ," ಅಂದಳು ಪುಟ್ಟಮ್ಮ. "ಯಾರ್ದೂ ವ್ರತ ಇಲ್ಲ. ಆರೂವರೆಗೆ ಬನ್ನಿ."